ಏಳು ಜನರ ಮುಂದೆ ಓದಿದ ಸಾಲು

ಹನ್ನೊಂದನೇ ದಿನದ ಶಿವಗಣಾರಾಧನೆ ಮುಗಿದು, ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಚಳ್ಳಕೆರೆಯ ಆ ಮನೆಗೆ ಎಂದಿನಂತೆ ಹಾಲು ಬಂತು. ನಲ್ಲಿಯಲ್ಲಿ ನೀರೂ ಬಂತು.

ವಾಣಿಶ್ರೀ ಕೊಡ ತುಂಬಿಸಿದಳು. ಅಂಗಳ ಗುಡಿಸಿದಳು. ಗಂಡ ಸತ್ತ ಮೇಲೆ ಬಂದ ಮೊದಲ ಮಾಮೂಲಿ ಬೆಳಗು ಅದು. ಅವಳಿಗೆ ಅಳು ಬರಲಿಲ್ಲ. ಹನ್ನೊಂದು ದಿನವೂ ಬಂದಿರಲಿಲ್ಲ.

ಅತ್ತೆ ಶಿವಬಸಮ್ಮ ನಡುಮನೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ಆಗ ಗಂಡ ಅಮರೇಶನ ಫೋನು ರಿಂಗಾಯಿತು.

ಅಪಘಾತದಲ್ಲಿ ಗಾಜು ಸೀಳಿದ್ದ ಫೋನು. ಸೀಳಿನ ಕೆಳಗೆ ಹೆಸರು ಕಾಣುತ್ತಿತ್ತು... 'ರೋಸಲಿನ್, ಬೆಂಗಳೂರು.'

ವಾಣಿ ಒಮ್ಮೆ ಅತ್ತೆಯತ್ತ ನೋಡಿದಳು. ಫೋನು ಎತ್ತಿಕೊಂಡು ಹಿತ್ತಲಿಗೆ ಹೋದಳು.

"ಸರ್, ನಮಸ್ಕಾರ. ಈ ಭಾನುವಾರ ಬರ್ತೀರಾ?" ಹೆಣ್ಣುದನಿ.

"ಅವರಿಲ್ಲ. ನಾನು ಅವರ ಹೆಂಡತಿ. ನೀನು ಯಾರು? ಎಲೈಜಾ ಅನ್ನೋಳು ನೀನೇನಾ?"



"ಅಯ್ಯೋ, ಅಲ್ಲ ಮೇಡಂ. ನಾನು ಸ್ಮಶಾನದ ಆಫೀಸಲ್ಲಿ ಕೆಲಸ ಮಾಡೋಳು. ಎಲೈಜಾ ಅಮ್ಮನ ಕಲ್ಲು ಬಿದ್ದೋಗಿತ್ತಲ್ಲ, ಅದನ್ನ ಎತ್ತಿ ನಿಲ್ಲಿಸಿದೀವಿ. ಸರ್ ಆರು ತಿಂಗಳಿಂದ ಹೇಳ್ತಾನೇ ಇದ್ರು. ಅವರಿಗೆ ತಿಳಿಸೋಣ ಅಂತ ಮಾಡಿದ್ದು."

"ಯಾವ ಕಲ್ಲು?"

"ಸಮಾಧಿ ಕಲ್ಲು ಮೇಡಂ. ಅವರು ತೀರ್ಕೊಂಡು ನೂರಿಪ್ಪತ್ತು ವರ್ಷದ ಮೇಲಾಯ್ತು. ಡಾಕ್ಟರಮ್ಮ. ಪ್ಲೇಗು ಬಂದಾಗ ಊರೆಲ್ಲ ಓಡಿಹೋದ್ರೂ ಇವರು ಹೋಗ್ಲಿಲ್ವಂತೆ... ಸರ್ ನಿಮಗೆ ಹೇಳಿಲ್ವಾ?"

ವಾಣಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು.

"ಸರ್ ಎಲ್ಲಿ ಮೇಡಂ?"

"ತೀರ್ಕೊಂಡ್ರು," ಎಂದಳು. ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

*

ಅವರಿಬ್ಬರೂ ಮೊದಲು ಮಾತಾಡಿದ್ದು ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ. ವಾಣಿ ಆಗ ದಾವಣಗೆರೆಯಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಅಣ್ಣ ಓಂಕಾರಮೂರ್ತಿಯ ಸಂಸಾರದ ಜೊತೆ ಕೊಂಡ್ಲಹಳ್ಳಿಯಿಂದ ದೇವರಿಗೆ ಬಂದಿದ್ದಳು. ಅಶೋಕನ ಶಾಸನದ ಬಂಡೆಯ ಮುಂದೆ ಒಬ್ಬ ಮಂಡಿಯೂರಿ ಕೂತಿದ್ದ.

"ಬಂಡೆ ಜೊತೆ ಏನ್ರೀ ಮಾತು?"

"ಓದ್ತಿದೀನಿ."

"ಎಷ್ಟಾಯ್ತು?"

"ಬೆಳಿಗ್ಗೆಯಿಂದ ಮೂರಕ್ಷರ."

"ನಮ್ಮೂರ ಸ್ಕೂಲಲ್ಲಿ ಹಿಂಗೆ ಓದಿದ್ರೆ ಮೇಷ್ಟ್ರು ಬಡೀತಾರೆ."

"ನಾನೇ ಮೇಷ್ಟ್ರು," ಎಂದು ಅವನು ತಿರುಗಿ ನಕ್ಕ. ಚಳ್ಳಕೆರೆಯ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ ಅಮರೇಶ. ಅವಳು ಅಂದು ಬೆಟ್ಟ ಇಳಿಯುವಾಗ ಮೆಟ್ಟಿಲು ತಪ್ಪಿ ಎರಡು ಸಲ ಎಡವಿದಳು. ಆರು ತಿಂಗಳಲ್ಲಿ ಮದುವೆಯಾಯಿತು.

ಎರಡು ವರ್ಷ ಅವರ ನಡುವೆ ದೊಡ್ಡ ಜಗಳವೇ ಇರಲಿಲ್ಲ. ಮೂರನೇ ವರ್ಷ ವಾಣಿ ಬಸುರಿಯಾದಳು. ಐದನೇ ತಿಂಗಳಲ್ಲಿ ಮಗು ಹೋಯಿತು.

ಆಮೇಲೆ ಅವಳು ಗಮನಿಸತೊಡಗಿದಳು. ತಿಂಗಳಿಗೊಂದು ಭಾನುವಾರ ಅಮರೇಶ ನಸುಕಿನಲ್ಲೇ ಬೆಂಗಳೂರಿನ ಬಸ್ಸು ಹತ್ತುತ್ತಿದ್ದ. ಕೇಳಿದರೆ 'ಕಾಲೇಜಿನ ಕೆಲಸ' ಎನ್ನುತ್ತಿದ್ದ. ಸಂಜೆ ಮನೆಗೆ ಬರುವಾಗ ತಲೆ ಒದ್ದೆ. ಮೈಯಿಂದ ಯಾವುದೋ ಸೋಪಿನ ವಾಸನೆ... ಅವರ ಮನೆಯದಲ್ಲದ ಸೋಪು.

ಒಂದು ಸೋಮವಾರ ಬಟ್ಟೆ ನೆನೆಹಾಕುವಾಗ ಅಂಗಿಯ ಜೇಬಿನಲ್ಲಿ ಮಡಚಿದ ಚೀಟಿ ಸಿಕ್ಕಿತು. ಅವನದೇ ಕೈಬರಹ.

'ಎಲೈಜಾ, ನನ್ನ ಜೀವವೇ, ನಿನ್ನ ಅಂಗೈಯ ತಂಪು ಇನ್ನೂ ನನ್ನ ಹಣೆಯ ಮೇಲಿದೆ.'

ಅವರ ಕಡೆ ಸತ್ತವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಮೇಲೊಂದು ಕಲ್ಲು ಇಡುತ್ತಾರೆ, ವಿಭೂತಿ ಹಚ್ಚುತ್ತಾರೆ. ಆ ಕಲ್ಲಿನ ಮೇಲೆ ಯಾರೂ ಏನೂ ಬರೆಯುವುದಿಲ್ಲ. ಗಂಡನೊಬ್ಬ ಹೆಂಡತಿಗೆ ಇಂಥ ಮಾತನ್ನು ಕಲ್ಲಿನಲ್ಲಿ ಕೊರೆಸಿ ಊರಿಗೆಲ್ಲ ಕಾಣುವ ಹಾಗೆ ನಿಲ್ಲಿಸುತ್ತಾನೆ ಎನ್ನುವುದು ವಾಣಿಯ ಊಹೆಗೂ ಬರಲಿಲ್ಲ.

ಅವಳು ಗಂಡನನ್ನು ಒಂದು ಮಾತೂ ಕೇಳಲಿಲ್ಲ. ನೇರವಾಗಿ ಹಿರಿಯರನ್ನು ಕೂರಿಸಿದಳು.

ಏಳು ಜನ. ಅವಳ ಅಣ್ಣ, ಅಮರೇಶನ ದೊಡ್ಡಪ್ಪ ಮುರುಗೇಂದ್ರಪ್ಪ, ಎರಡೂ ಕಡೆಯ ಮತ್ತೈದು ಜನ. ಅವರೆಲ್ಲರ ಎದುರು ನಿಂತು ಚೀಟಿ ಓದಿದಳು. ದನಿ ನಡುಗಲಿಲ್ಲ. ತಂಪು ಎಂಬ ಮಾತು ಬಂದಾಗ ಯಾರೋ ಒಬ್ಬರು ಕಿಸಕ್ಕೆಂದರು.

"ನಿನ್ನ ಕೈಬರಹ ಹೌದೋ ಅಲ್ವೋ?" ದೊಡ್ಡಪ್ಪ ಕೇಳಿದರು.

"ಹೌದು ದೊಡ್ಡಪ್ಪ."

"ಯಾರಲೇ ಇವಳು?"

ಅಮರೇಶ ಬಾಗಿಲ ಬಳಿ ಕೂತಿದ್ದ ತಾಯಿಯತ್ತ ನೋಡಿದ. ಆಮೇಲೆ ವಾಣಿಯತ್ತ.

"ಈಗ ಹೇಳೋಕಾಗಲ್ಲ," ಎಂದ.

ವಾಣಿ ಅಂದೇ ಅಣ್ಣನ ಜೊತೆ ಕೊಂಡ್ಲಹಳ್ಳಿಗೆ ಹೋದಳು. ಹದಿನೈದು ದಿನ ಅವನ ಫೋನು ಎತ್ತಲಿಲ್ಲ. ಹದಿನಾರನೇ ದಿನ, ತಳಕು ದಾಟಿದ ಮೇಲೆ ಲಾರಿಯೊಂದು ಅವನ ಬೈಕಿಗೆ ಬಡಿಯಿತು. ಆ ದಿನ ಅವನು ಎಲ್ಲಿಗೆ ಹೊರಟಿದ್ದ ಎಂದು ಯಾರಿಗೂ ಗೊತ್ತಿರಲಿಲ್ಲ. ಮಣ್ಣಿಗೆ ಬಂದವರಲ್ಲಿ ಕೆಲವರು 'ಬೆಂಗಳೂರಿನೋಳು ಬಂದಿದಾಳಾ' ಎಂದು ಹೆಂಗಸರ ಗುಂಪನ್ನು ಹುಡುಕಿ ನೋಡಿದ್ದರು.

*

ಫೋನು ಕೆಳಗಿಟ್ಟು ವಾಣಿ ಒಳಗೆ ಬಂದಳು. ಕಾಲೇಜಿನವರು ತಂದುಕೊಟ್ಟಿದ್ದ ಅವನ ಬಟ್ಟೆಚೀಲ ಬಿಚ್ಚದೆ ಹಾಗೇ ಇತ್ತು. ಅದರಲ್ಲಿ ಒಂದು ದಪ್ಪ ನೋಟ್‌ಬುಕ್ಕು, ನಾರಿನ ಒಂದು ದೊಡ್ಡ ಕುಂಚ.

ಮೊದಲ ಪುಟದಲ್ಲಿ ಬರೆದಿತ್ತು: 'ಬೆಂಗಳೂರಿನ ಹಳೆಯ ಸ್ಮಶಾನಗಳಲ್ಲಿ ಇರುವವರು.'

ಪುಟ ಪುಟಕ್ಕೂ ಹೆಸರುಗಳು. ಮದ್ರಾಸಿನಿಂದ ಬಂದು ನಲವತ್ತು ವರ್ಷ ಬ್ಯಾಂಡು ಕಲಿಸಿದ ಮಾಸ್ತರ. ಊರವರದೆಲ್ಲ ಫೋಟೊ ತೆಗೆದು, ತನ್ನದೊಂದೂ ಫೋಟೊ ಇಲ್ಲದೆ ಸತ್ತವನು. ಸರ್ಕಸ್ಸಿನ ಕುದುರೆ ಸವಾರಳು. ಪ್ರತಿ ಹೆಸರಿನ ಕೆಳಗೂ ಕಲ್ಲಿನ ಮೇಲಿನ ಇಂಗ್ಲಿಷ್ ಸಾಲು, ಅದರ ಕೆಳಗೆ ಕನ್ನಡ. ಕನ್ನಡವನ್ನು ಹೊಡೆದುಹಾಕಿ ಮತ್ತೆ ಮತ್ತೆ ತಿದ್ದಿದ್ದ.

ಒಂದು ಕಡೆ ಅಂಚಿನಲ್ಲಿ: 'ಹೊಲದಲ್ಲಿ ಅಪ್ಪನ ಕಲ್ಲು ಯಾವುದು, ತಾತನದು ಯಾವುದು ಅಂತ ನನಗೆ ಗೊತ್ತಾಗಲಿಲ್ಲ. ಅವತ್ತಿನಿಂದ ಹೆಸರಿರುವ ಕಲ್ಲು ಕಂಡರೆ ನಿಂತು ಓದುತ್ತೇನೆ.'

ಎಲೈಜಾಳ ಪುಟ ಸಿಕ್ಕಿತು. ಆ ಸಾಲನ್ನು ಅವಳ ಗಂಡ ಕೊರೆಸಿದ್ದನಂತೆ. ಜ್ವರ ಬಂದು ಅವಳ ಆಸ್ಪತ್ರೆಗೆ ಸೇರಿದ್ದವನು, ವಾಸಿಯಾಗಿ ಅವಳನ್ನೇ ಮದುವೆಯಾದವನು.

ಪುಟದ ತುದಿಯಲ್ಲಿದ್ದ, ಅವನು ಆ ಕಲ್ಲು ಓದಿದ ದಿನದ ತಾರೀಖನ್ನು ವಾಣಿ ಎರಡು ಸಲ ನೋಡಿದಳು. ಅದು ಮಗು ಹೋಗುವುದಕ್ಕೆ ನಾಲ್ಕು ದಿನ ಮುಂಚಿನ ಭಾನುವಾರ.

ಅವಳಿಗೆ ನೆನಪಾಯಿತು. ಅವಳು ಬಸುರಿಯಾದಾಗ ಪಕ್ಕದ ಬೀದಿಯ ಮುದುಕರೊಬ್ಬರು ತೀರಿಕೊಂಡಿದ್ದರು. ಅಮರೇಶ ಚಪ್ಪಲಿ ಮೆಟ್ಟುತ್ತಿದ್ದಾಗ ಅತ್ತೆ ತಡೆದಿದ್ದರು. "ಹೆಂಡ್ತಿ ಬಸುರಿ ಇರುವಾಗ ಮಣ್ಣಿನ ಜಾಗ ತುಳಿಯೋ ಹಂಗಿಲ್ಲ. ಕೂಸು ಕೈಗೆ ಬರೋಗಂಟ ಹೋಗಲ್ಲ ಅಂತ ಲಿಂಗ ಮುಟ್ಟಿ ಹೇಳು." ಅವನು ನಗುತ್ತಲೇ ಮುಟ್ಟಿದ್ದ.

ತಾರೀಖಿನ ಕೆಳಗೆ, ಬೇರೆ ಶಾಯಿಯಲ್ಲಿ: 'ಮನೆಯಲ್ಲಿ ಹೇಗೆ ಹೇಳಲಿ? ಅವ್ವ ಎದೆ ಬಡಿದುಕೊಳ್ಳುತ್ತಾಳೆ. ವಾಣಿ ಏನೂ ಅನ್ನುವುದಿಲ್ಲ, ಆದರೆ ಈ ನಾಲ್ಕು ದಿನವನ್ನು ಜೀವನವಿಡೀ ಎಣಿಸುತ್ತಾಳೆ. ನಾನೂ ಎಣಿಸುತ್ತಿದ್ದೇನೆ.'

ಮಗು ಯಾಕೆ ಹೋಯಿತೆಂದು ಡಾಕ್ಟರು ಅವಳಿಗೆ ಬಿಡಿಸಿ ಹೇಳಿದ್ದರು. ಅದಕ್ಕೂ ಸ್ಮಶಾನಕ್ಕೂ ಸಂಬಂಧವೇ ಇರಲಿಲ್ಲ. ಅವನು ಒಂದು ಸಲ ಕೇಳಿದ್ದರೆ ಅವಳು ಹೇಳುತ್ತಿದ್ದಳು. ಅವಳು ಒಂದು ಸಲ ಕೇಳಿದ್ದರೆ... ಅವನೂ ಹೇಳುತ್ತಿದ್ದನೇನೋ.

*

ಮೂರು ದಿನ ವಾಣಿ ಬಾಯಿ ಬಿಡಲಿಲ್ಲ.

ಹೇಳಿದರೆ ಗಂಡನ ಹೆಸರು ಉಳಿಯುತ್ತದೆ. ಆದರೆ ಆಣೆ ಮುರಿದು ವಂಶದ ಕುಡಿಯನ್ನು ಕಳೆದವನು ಎಂದು ಹೆತ್ತ ತಾಯಿಯೇ ಅವನನ್ನು ಶಪಿಸಬಹುದು. ಹೇಳದಿದ್ದರೆ? ಮೋಸ ಹೋದ ಪಾಪದ ಹೆಂಗಸು ಎಂದು ಎಲ್ಲರೂ ತನಗಾಗಿ ಮರುಗುತ್ತಾರೆ. ಆ ಮರುಕದ ಕೆಳಗೆ ಬಚ್ಚಿಟ್ಟುಕೊಂಡು ಬದುಕಬಹುದು... ಈ ಯೋಚನೆ ತನಗೆ ಬಂತಲ್ಲ ಎಂದು ಅವಳಿಗೆ ತನ್ನ ಮುಖ ನೋಡಿಕೊಳ್ಳಲೂ ನಾಚಿಕೆಯಾಯಿತು.

ನಾಲ್ಕನೇ ದಿನ ಎದುರುಮನೆಯ ಲಕ್ಷ್ಮೀದೇವಮ್ಮ ಬಂದು ಕೂತರು.

"ಹೋದೋರನ್ನ ಅನ್ನಬಾರದು. ಆದ್ರೂ ಅಂಥೋನ ಜೊತೆ ನೀನು ಏನು ಸುಖ ಕಂಡೆ ತಾಯಿ? ವಯಸ್ಸೈತೆ, ಓದಿದೀಯ. ಶಿವಬಸಕ್ಕ, ಇವಳಿಗೆ ನೀವೇ ಒಂದು ದಾರಿ ಮಾಡ್ಬೇಕು."

ಮಗ ಮಾಡಿದ ತಪ್ಪಿಗೆ ಶಿವಬಸಮ್ಮ ತಾವು ತಲೆ ತಗ್ಗಿಸಿ ಕೂತಿದ್ದರು.

ಆ ತಗ್ಗಿದ ತಲೆಯನ್ನು ವಾಣಿಗೆ ನೋಡಲಾಗಲಿಲ್ಲ.

"ಅವರು ಅಂಥೋರಲ್ಲ ಲಕ್ಷ್ಮೀದೇವಮ್ಮ," ಎಂದಳು. "ನೀವೀಗ ಮನೆಗೆ ಹೋಗಿ. ನಾನು ನಮ್ಮತ್ತೆ ಹತ್ರ ಮಾತಾಡ್ಬೇಕು."

ಅವರು ಹೋದ ಮೇಲೆ ನೋಟ್‌ಬುಕ್ಕು ತಂದು ಅತ್ತೆಯ ಮುಂದಿಟ್ಟಳು. ಎಲ್ಲವನ್ನೂ ಹೇಳಿದಳು. ನಾಲ್ಕು ದಿನದ ಲೆಕ್ಕವನ್ನೂ, ಡಾಕ್ಟರು ಹೇಳಿದ್ದನ್ನೂ.

ಶಿವಬಸಮ್ಮ ಮಗನ ಅಕ್ಷರಗಳ ಮೇಲೆ ಬೆರಳಾಡಿಸಿದರು.

"ಒದ್ದೆ ತಲೇಲಿ ಬರ್ತಾನೆ ಅಂದಿದ್ದೆಯಲ್ಲ ಅವತ್ತು ಹಿರಿಯರ ಮುಂದೆ?"

"ಹೂಂ ಅತ್ತೆ."

"ಮಣ್ಣಿಗೆ ಹೋದೋನು ತಲೆಗೆ ನೀರು ಹಾಕ್ಕೊಳ್ದೆ ಮನೆ ಹೊಸ್ತಿಲು ತುಳೀಬಾರ್ದು ಅಂತ ಸಣ್ಣೋನಿದ್ದಾಗಿಂದ ಬೈದು ಬೈದು ಕಲ್ಸಿದ್ದೆ... ಆಣೆ ಮುರಿದ. ಇದನ್ನ ಮಾತ್ರ ಬಿಡ್ಲಿಲ್ಲ ನೋಡು. ಎಲ್ಲೋ ತಲೆ ತೊಳ್ಕೊಂಡೇ ಒಳಗೆ ಬರ್ತಿದ್ದ ನನ್ನ ಮಗ."

ವಾಣಿ ಅವರ ಕಾಲ ಬಳಿ ಕುಸಿದಳು. ಹದಿನೈದು ದಿನದಿಂದ ಬಾರದಿದ್ದ ಅಳು ಆಗ ಬಂತು.

"ನಾನು ಅವರ ಮಾನ ಕಳೆದೆ ಅತ್ತೆ. ನಿಮ್ಮದೂ ಕಳೆದೆ."

"ಕಳೆದೆ," ಎಂದರು ಶಿವಬಸಮ್ಮ. ಅಲ್ಲವೆನ್ನಲಿಲ್ಲ. ಆದರೆ ಅವರ ಕೈ ಸೊಸೆಯ ತಲೆಯ ಮೇಲಿತ್ತು. "ನಾನೂ ಒಂದು ಆಣೆ ಇಡಿಸಿ ಅವನ ಬಾಯಿ ಕಟ್ಟಿದ್ದೆ. ಈಗ ನನ್ನ ಕಾಲು ಹಿಡೀಬೇಡ. ಏಳು ಜನರ ಮುಂದೆ ಓದಿದ್ದೆಯಲ್ಲ, ಆ ಏಳೂ ಜನರನ್ನ ಕರೆಸ್ತೀನಿ. ಇನ್ನೊಂದು ಸಲ ಓದು."

ಭಾನುವಾರ ಏಳೂ ಜನ ಬಂದರು. ವಾಣಿ ಅದೇ ಜಾಗದಲ್ಲಿ ನಿಂತಳು. ಈ ಸಲ ದನಿ ನಡುಗಿತು. ಅದೇ ಸಾಲನ್ನು ಓದಿದಳು. ಆಮೇಲೆ ಅದು ಯಾರ ಕಲ್ಲು, ಯಾರು ಬರೆಸಿದ್ದು, ಯಾವ ಇಸವಿ ಎಂದು ಹೇಳಿದಳು. ಕೊನೆಗೆ, "ತಪ್ಪು ನನ್ನದು. ಕೇಳಬೇಕಾದವರನ್ನು ಕೇಳದೆ ನಿಮ್ಮನ್ನ ಕರೆಸಿದೆ," ಎಂದಳು.

ಅಣ್ಣ ಓಂಕಾರಮೂರ್ತಿ ನೆಲ ನೋಡುತ್ತಿದ್ದ. "ನನಗೊಂದು ಮಾತು ಮೊದಲೇ ಹೇಳಬಾರದಿತ್ತೇನೆ ಅವ್ವಾ..." ಎಂದ.

ದೊಡ್ಡಪ್ಪ ಮುರುಗೇಂದ್ರಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ಅವನನ್ನ 'ಯಾರಲೇ ಇವಳು' ಅಂತ ಕೇಳಿದೋನು ನಾನಮ್ಮ. ನಾನ್ಯಾರ ಮುಂದೆ ಓದಲಿ?"

ಯಾರೂ ಕಾಫಿ ಮುಟ್ಟಲಿಲ್ಲ.

*

ನೋಟ್‌ಬುಕ್ಕಿನ ಕಡೆಯ ಪುಟದಲ್ಲಿ ಒಂದೇ ಸಾಲಿತ್ತು: 'ಕುಂಚ ಜಂಪಣ್ಣನದು. ಕೆಲಸ ಮುಗಿದ ಮೇಲೆ ವಾಪಸ್ ಕೊಡಬೇಕು.'

ಮರುದಿನ ವಾಣಿ ಕುಂಚವನ್ನು ಕೈಯಲ್ಲಿ ಹಿಡಿದು, ಜಂಪಣ್ಣನ ಹೆಸರು ಕೇಳಿಕೊಂಡು ಕಂಬಳಿ ನೇಯುವವರ ಕೇರಿಗೆ ಹೋದಳು. ಬೀದಿಯುದ್ದಕ್ಕೂ ಉಣ್ಣೆಯ ಹಾಸು ಎಳೆದು ಕಟ್ಟಿ, ಅಂಥದೇ ಕುಂಚಗಳಿಂದ ಹುಣಸೆಬೀಜದ ಗಂಜಿ ಹಚ್ಚುತ್ತಿದ್ದರು. ಅರವತ್ತು ದಾಟಿದ ಜಂಪಣ್ಣ ಅವಳನ್ನು ಕಂಡು ಗಂಜಿಯ ಕೈಯಲ್ಲೇ ಎದ್ದು ನಿಂತ.

"ಅಮರೇಶಪ್ಪನ ಮನೆಯೋರಾ?"

"ಹೌದು. ನಿಮಗೆ ಹೆಂಗೆ ಗೊತ್ತಾಯ್ತು?"

"ಕೈಯಾಗೆ ನನ್ನ ಕುಂಚ ಐತಲ್ಲ ತಾಯಿ." ಅವನು ಕಣ್ಣು ತಪ್ಪಿಸಿದ. "ಕಲ್ಲಿನ ಅಕ್ಷರ ಉಜ್ಜೋಕೆ ತಂತಿ ಬ್ರಷ್ಷು ಬೇಡ, ಗೀರಾಗ್ತದೆ, ನಿನ್ನ ಕುಂಚ ಕೊಡು ಅಂದ. ಬೆಂಗ್ಳೂರಿಂದ ಬಂದು ಇಲ್ಲೇ ತಲೆಗೆ ನೀರು ಹಾಕ್ಕೊಳ್ಳೋನು. ನಮ್ಮ ಮುದುಕಿ ನೀರು ಕಾಸಿ ಸೋಪು ಕೊಡೋಳು."

"ಮಣ್ಣಿನ ದಿನ ನಿಮ್ಮನ್ನ ನೋಡಿದ ನೆನಪಿಲ್ಲ."

"ಯಾವ ಮುಖ ಇಟ್ಕೊಂಡು ಬರ್ಲಿ?" ಜಂಪಣ್ಣ ಕೆಳಗೆ ಕೂತುಬಿಟ್ಟ. "ಅವತ್ತು ಬೆಳಿಗ್ಗೆ ಇಲ್ಲಿ ಬಂದು ಕೂತಿದ್ದ. 'ಹೇಳಿಬಿಡ್ತೀನಿ ಜಂಪಣ್ಣ, ಆದ್ರೆ ಎಲ್ಲಿಂದ ಶುರು ಮಾಡ್ಲಿ' ಅಂದ. ನಾನು, 'ಇಲ್ಲಿ ಕೂತ್ಕೊಂಡು ಮಾತು ಹೊಂದಿಸ್ತಾ ಇದ್ರೆ ಆಗಲ್ಲ, ಎದ್ದು ಹೋಗಲೇ, ಅವಳ ಮುಂದೆ ನಿಂತ್ರೆ ತಾನಾಗೇ ಬರ್ತದೆ' ಅಂತ ರೇಗಿ ಕಳಿಸ್ದೆ. ನನ್ನ ಮಾತು ಕೇಳಿ ಗಾಡಿ ಹತ್ತಿದ ತಾಯಿ. ನಾನು ಕಳಿಸದೇ ಇದ್ದಿದ್ರೆ..."

ವಾಣಿ ಅವನ ಎದುರು ಮಂಡಿಯೂರಿದಳು.

"ಹಂಗಾದ್ರೆ ಅವತ್ತು... ಕೊಂಡ್ಲಹಳ್ಳಿಗೆ ಬರ್ತಿದ್ರಾ? ನನ್ನ ಹತ್ರ?"

"ಮತ್ತೆ ಇನ್ನೆಲ್ಲಿಗೆ ಹೋಗ್ತಾನಮ್ಮ ಅವನು?"

ಉಣ್ಣೆಯ ಎಳೆಗಳ ಮೇಲೆ ಗಂಜಿ ಒಣಗುತ್ತಿತ್ತು.

"ನೀವು ಒಳ್ಳೇ ಮಾತೇ ಹೇಳಿದ್ರಿ ಜಂಪಣ್ಣ," ಎಂದಳು ವಾಣಿ. "ಇನ್ಮೇಲೆ ಮನೆಗೆ ಬನ್ನಿ. ಅತ್ತೆ ಮಗನ ವಿಷಯ ಕೇಳಬೇಕು ಅಂತಾರೆ. ನಾನೂ ಕೇಳಬೇಕು."

ಅವಳು ಕುಂಚವನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು.

"ನಮ್ಮೋರು ತಗೊಂಡಿದ್ದು. ಕೊಡೋದು ತಡ ಆಯ್ತು."

ಜಂಪಣ್ಣ ಗಂಜಿಯ ಕೈಗಳನ್ನು ಪಂಚೆಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ತೆಗೆದುಕೊಂಡ.