ಬೂಷ್ಟಪ್ಪನೂ ಹೋತದ ಗಡ್ಡವೂ

ಬಹಳ ಬಹಳ ಹಿಂದೆ, ಹಾಲ್ಗವಿ ಎಂಬ ರಾಜ್ಯದಲ್ಲಿ ಬೊಮ್ಮಕ್ಕ ಅಂತ ಒಬ್ಬಳಿದ್ದಳು. ಬೇಯಿಸಿದ ಹುಲ್ಲನ್ನು ಚೀಲಕ್ಕೆ ತುಂಬಿ ಗವಿಯೊಳಗೆ ಕಟ್ಟಿ, ಅಣಬೆ ಬೆಳೆದು ಅರಮನೆಗೆ ಮಾರುತ್ತಿದ್ದಳು. ಅವಳಿಗೊಬ್ಬ ತಮ್ಮ, ಕೆಂಚ. ಅವನ ಬಾಯಿ ಸುಮ್ಮನಿರಬೇಕಲ್ಲ! ದಾರಿಯಲ್ಲಿ ಹೋಗುತ್ತಿದ್ದ ಮಾಂತ್ರಿಕ ಬೂಷ್ಟಪ್ಪನ ಹಸಿರು ಗಡ್ಡ ನೋಡಿ ಕಿಸಕ್ಕನೆ ನಕ್ಕುಬಿಟ್ಟ.

"ನಿನಗೂ ಒಂದು ಗಡ್ಡ ಬರಲಿ," ಅಂದ ಬೂಷ್ಟಪ್ಪ. ಕೆಂಚ ನಿಂತಲ್ಲೇ ಹೋತವಾದ. "ನಿಮ್ಮಕ್ಕನ ಗವಿಯಲ್ಲಿ ಕಲೆಯಿಲ್ಲದ ಅಣಬೆ ಎದ್ದರೆ, ತಿಂದು ಮನುಷ್ಯನಾಗು. ಮೂರು ಬೆಳೆಯೊಳಗೆ ಏಳದಿದ್ದರೆ ಸಾಯೋತನಕ ಹೋತವೇ." ಹೀಗಂದವನು ಹಸಿರು ಪುಡಿಯಾಗಿ ಗಾಳಿಯಲ್ಲಿ ಮಾಯವಾದ.

ಬೊಮ್ಮಕ್ಕ ಮೊದಲ ಬೆಳೆ ಇಟ್ಟಳು. ಚೀಲಗಳಿಗೆಲ್ಲ ಹಸಿರು ಬೂಷ್ಟು ಹಿಡಿಯಿತು. ಹುಲ್ಲು ಸರಿಯಾಗಿ ಬೇಯಲಿಲ್ಲವೇನೋ ಅಂದುಕೊಂಡು, ಎರಡನೇ ಸಲ ದೊಡ್ಡ ಹಂಡೆಯಲ್ಲಿ ಕುದಿಸಿದಳು, ಗವಿಗೆ ಸುಣ್ಣ ಬಳಿದಳು, ಕೈ ಉಜ್ಜಿ ಉಜ್ಜಿ ತೊಳೆದಳು. ಮತ್ತೆ ಬೂಷ್ಟು. ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಇನ್ನೇನು ಮಾಡಬೇಕಿತ್ತು ಹೇಳಿ?

ಇಷ್ಟರ ಮಧ್ಯೆ ಆ ಹೋತದ ಕಾಟ ಬೇರೆ. ಹೋತವಾದರೂ ಮಾತು ನಿಂತಿರಲಿಲ್ಲ. ಹೊತ್ತು ಹೊತ್ತಿಗೂ ಬಾಗಿಲು ತಳ್ಳಿ, ಗವಿಯೊಳಗೆ ಮೂತಿ ತೂರಿಸಿ, "ಅಕ್ಕಾ, ಇನ್ನೂ ಎದ್ದಿಲ್ವಾ?" ಅನ್ನುತ್ತಿತ್ತು. ಹೋಗಲಿ ಪಾಪ ಅಂತ ಅವಳೂ ಬಿಟ್ಟಿದ್ದಳು.

ಕೊನೆಯ ಬೆಳೆ. ಹೊಸ ಹುಲ್ಲು ಕುದಿಸಿ ಚೀಲಗಳಿಗೆ ಅಣಬೆ ಬೀಜ ತುಂಬಿ, ಹಂಡೆಯ ಬೆಂಕಿ ಆರಿಸಲು ಹೊರಗೆ ಬಂದರೆ, ಹೋತ ಆಗಲೇ ಬಾಗಿಲಿಗೆ ತಲೆ ಕೊಟ್ಟಿದೆ. ಅದರ ಗಡ್ಡದಿಂದ ಹಸಿರು ಪುಡಿ ಉದುರುತ್ತಿದೆ.

"ಅಯ್ಯೋ ನಿನ್ನ!" ಬೊಮ್ಮಕ್ಕ ಗಡ್ಡ ಹಿಡಿದೆಳೆದಳು. ಕೂದಲ ನಡುವೆ ಸಾಸಿವೆಯಷ್ಟಾಗಿ ಬೂಷ್ಟಪ್ಪ ಕೂತಿದ್ದ. ಗವಿಯೊಳಗೆ ಹೋಗಿ ಬೂಷ್ಟು ಹಿಡಿಸುವುದಕ್ಕೆ ಅವನಿಗೆ ಬೇಕಾಗಿದ್ದದ್ದು ಆ ಗಡ್ಡವೇ!

"ನಿನಗೋಸ್ಕರ ಬೆನ್ನು ಮುರ್ಕೊಂಡು ದುಡೀತಿದ್ರೆ ನೀನೇ ಹೊತ್ಕೊಂಡು ಬರ್ತಿದೀಯಲ್ಲೋ ಇವನ್ನ!"

"ನಂಗೇನು ಗೊತ್ತಕ್ಕ, ಒಂದಿಷ್ಟು ನೋಡೋಣ ಅಂತ..."

ಅವಳು ಕತ್ತರಿ ತಂದು ಗಡ್ಡವನ್ನು ಬುಡಸಮೇತ ಕತ್ತರಿಸಿ, ಕುದಿಯುವ ಹಂಡೆಗೆ ಹಾಕಿದಳು. ಬೂಷ್ಟಪ್ಪ ಬುಸ್ಸೆಂದು ಆವಿಯಾಗಿ ಹೋದ. ಹೋತವನ್ನು ಬೇಲಿಗೆ ಬಿಗಿದು ಕಟ್ಟಿ, ಗವಿಯ ಬಾಗಿಲು ಹಾಕಿದಳು. ಅದು ದಿನವಿಡೀ ಅರಚಿತು. ಈ ಸಲ ಅವಳು ಕರಗಲಿಲ್ಲ.

ಅಣಬೆ ಎದ್ದಿತು, ಬೆಳ್ಳಗೆ, ಒಂದು ಕಲೆಯಿಲ್ಲದೆ. ಹೋತ ತಿಂದಿತು, ಕೆಂಚನಾಯಿತು. ಅಕ್ಕ ಅವನನ್ನು ತಬ್ಬಿಕೊಂಡು ಗಳಗಳನೆ ಅತ್ತಳು. ಆಮೇಲೆ ಅರಮನೆಗೂ ಅಣಬೆ ಹೋಯಿತು, ಊರೆಲ್ಲ ಉಂಡು ನಲಿಯಿತು.

ಇವನು ಮಾತ್ರ ಮಾರನೇ ದಿನವೇ ಗವಿಯ ಬಾಗಿಲಲ್ಲಿ ಹಾಜರು. "ಅಕ್ಕಾ, ಮುಂದಿನ ಬೆಳೆ ಎದ್ದಿದೆಯಾ, ನೋಡ್ಲಾ?"

"ಮೊದಲು ಕೈಕಾಲು ತೊಳ್ಕೊಂಡು ಬಾ," ಅಂದಳು ಬೊಮ್ಮಕ್ಕ. ಕೈಯಲ್ಲಿ ಕತ್ತರಿ ಇತ್ತು.