ಮಾರಾಟವಾಗದ ನಗು

"ಎಲ್ಲಾನೂ ವಾಪಸ್ ತಂದ್ಯಾ? ಒಂದೂ ಹೋಗ್ಲಿಲ್ವಾ?"

ಆಟೋದಿಂದ ಕೊನೆಯ ಚಿತ್ರವನ್ನು ಇಳಿಸುತ್ತಿದ್ದ ಶ್ರೀರಂಜನಿಯ ಕೈ ಅಲ್ಲೇ ನಿಂತುಬಿಟ್ಟಿತು. ಮತ್ತಿಗಿರಿಯ ಆ ಬೀದಿಯಲ್ಲಿ ಸಂಜೆಯ ಹೊತ್ತು ಎಲ್ಲರೂ ಬಾಗಿಲಲ್ಲೇ ಇರುತ್ತಾರೆ. ಎದುರುಮನೆಯ ಭಾನುವಿಗೂ, ಕಾರ್ಖಾನೆ ಬಸ್ಸಿಳಿದು ಬರುತ್ತಿದ್ದ ಗಂಡಸರಿಗೂ ಕೇಳುವ ಹಾಗೆ ಅತ್ತೆ ಶಾಂತಾಬಾಯಿ ಹೊಸ್ತಿಲಲ್ಲಿ ನಿಂತು ಕೇಳಿದ್ದರು. ಹೊಸೂರಿನ ಛತ್ರವೊಂದರಲ್ಲಿ ಮೂರು ದಿನ ಚಿತ್ರಗಳನ್ನು ತೂಗುಹಾಕಿ ಕೂತಿದ್ದವಳು ಶ್ರೀರಂಜನಿ. ಜನ ಬಂದರು, ನೋಡಿದರು, "ಚೆನ್ನಾಗಿದೆ ಮೇಡಂ" ಎಂದರು, ಚಿತ್ರದ ಮುಂದೆ ನಿಂತು ತಮ್ಮ ಫೋಟೋ ತೆಗೆಸಿಕೊಂಡು ಹೋದರು. ಕೊಳ್ಳುವ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ.

"ಇಲ್ಲ ಅತ್ತೆ," ಎಂದಳು ಅವಳು, ತಲೆ ಎತ್ತದೆ.

ಶಾಲೆಯ ಡ್ರಾಯಿಂಗ್ ಟೀಚರ್ ಕೆಲಸ ಬಿಟ್ಟು ಅವಳು ಮನೆಯಲ್ಲೇ ಚಿತ್ರ ಬರೆಯಲು ಕೂತು ಮೂರು ವರ್ಷವಾಗಿತ್ತು. ದೇವರು, ನವಿಲು, ಹೂಕುಂಡ ಅವಳಿಗೆ ಬೇಕಿರಲಿಲ್ಲ. ಬೆಳಗಿನ ಬಸ್ಸು ಹಿಡಿದು ತಳಿ ಎಂಬ ಊರಿಗೆ ಹೋಗಿ, ಅಲ್ಲಿಯ ಚಳಿಯಲ್ಲಿ ಸಂತೆಯ ಮೂಲೆಯೊಂದರಲ್ಲಿ ಕೂತು, ಕೋಸು ಹೊರುವವರನ್ನು, ಹೂ ಅಳೆಯುವವರನ್ನು ಬರೆದುಕೊಂಡು ಬರುತ್ತಿದ್ದಳು. ಮೊದಲ ವರ್ಷ ಪರಿಚಯದವರು ನಾಲ್ಕಾರು ಚಿತ್ರ ಕೊಂಡರು. ಆಮೇಲೆ ಅದೂ ನಿಂತಿತು. ಫೋನಿನಲ್ಲಿ ಹಾಕಿದ ಚಿತ್ರಗಳಿಗೆ ಮೆಚ್ಚುಗೆ ಬರುತ್ತಿತ್ತು, ಬೆಲೆ ಹೇಳಿದೊಡನೆ ಮಾತು ನಿಂತುಹೋಗುತ್ತಿತ್ತು. ಕೊನೆಗೆ ಅವಳು ಹಾಕುವುದನ್ನೇ ಬಿಟ್ಟಳು.

ಶಾಂತಾಬಾಯಿಯವರನ್ನು ಬರೀ ಕೆಟ್ಟವರು ಎನ್ನುವಂತಿಲ್ಲ. ಗಂಡ ಸುಬ್ಬರಾಮ ಮೇಷ್ಟರ ಒಂದೇ ಸಂಬಳದಲ್ಲಿ ಇಬ್ಬರು ಗಂಡುಮಕ್ಕಳನ್ನು ಓದಿಸಿದವರು. ಹಿರಿಯ ಮಗ ಮುರಳಿಯ ಡಿಪ್ಲೊಮಾಕ್ಕೆ ಕೈಬಳೆ ಬಿಚ್ಚಿಕೊಟ್ಟವರು. ಕೂತು ಬಣ್ಣ ಬಳಿಯುವುದನ್ನು ಕೆಲಸವೆಂದು ಒಪ್ಪಲು ಅವರಿಂದ ಆಗುತ್ತಲೇ ಇರಲಿಲ್ಲ. ಈಗ ಕಿರಿಯ ಮಗ ವಂಶಿಯ ಮದುವೆ ಗೊತ್ತಾಗಿತ್ತು. ಹೊಸ ದಂಪತಿಗೆ ಕೋಣೆ ಬೇಕು. ಮುಂದಿನ ಕೋಣೆಯ ತುಂಬ ಚಿತ್ರಗಳು!

"ರಂಜನಿ, ನಾನೂ ಎಷ್ಟು ದಿನ ಅಂತ ಅಮ್ಮನ ಬಾಯಿ ಮುಚ್ಚಿಸ್ಲಿ?" ಎಂದ ಮುರಳಿ ಅಂದು ಊಟಕ್ಕೆ ಕೂತಾಗ. "ನಮ್ಮ ಕಂಪನಿ ಅರುಣ್‌ಕುಮಾರ್ ಹೊಸ ಮನೆ ಕಟ್ಟಿಸಿದ್ದಾನೆ. ಗೃಹಪ್ರವೇಶಕ್ಕೆ ದೊಡ್ಡದೊಂದು ಬಾಲಕೃಷ್ಣ ಬೇಕಂತೆ. ಮಾಡ್ಕೊಡು. ಅದು ಚೆನ್ನಾಗಿ ಬಂದ್ರೆ ಇನ್ನೂ ಹತ್ತು ಜನ ಕೇಳ್ತಾರೆ. ಕೋಣೆ ವಿಷಯ ಆಮೇಲೆ ನಾನು ಮಾತಾಡ್ತೀನಿ."

"ಅಷ್ಟು ದೊಡ್ಡ ಕ್ಯಾನ್ವಾಸ್ ಇಲ್ಲ ರೀ. ಹೊಸದು ತರೋಕೆ..."

"ಯಾಕಿಲ್ಲ?" ಶಾಂತಾಬಾಯಿ ಸಾರಿನ ಸೌಟು ಹಿಡಿದೇ ಮುಂದಿನ ಕೋಣೆಯತ್ತ ಕೈ ತೋರಿಸಿದರು. "ಆ ಹುರುಳಿಕಾಯಿ ಹುಡುಗಿ ಇದಾಳಲ್ಲ, ಬಾಗಿಲಿನಷ್ಟು ದೊಡ್ಡದಾಗಿ! ಎರಡು ವರ್ಷದಿಂದ ಹಲ್ಲು ಕಿರ್ಕೊಂಡು ಧೂಳು ತಿಂತಿದಾಳೆ. ಅಳಿಸಿ ಅದರ ಮೇಲೇ ಬರಿ."

ಶ್ರೀರಂಜನಿ ಅನ್ನದ ತಟ್ಟೆಯನ್ನು ಹಾಗೇ ಸರಿಸಿ ಎದ್ದಳು. ಅವಳು ಬರೆದದ್ದರಲ್ಲೆಲ್ಲ ಅದೇ ಒಳ್ಳೆಯ ಚಿತ್ರವೆಂದು ಅವಳಿಗೆ ಗೊತ್ತಿತ್ತು. ತಳಿ ಸಂತೆಯಲ್ಲಿ ಹುರುಳಿಕಾಯಿ ರಾಶಿಯ ಹಿಂದೆ ಕೂತಿದ್ದ ಆ ಹುಡುಗಿ, "ನನ್ನ ಮೂಗು ದಪ್ಪ ಬರೀಬ್ಯಾಡಿ ಮೇಡಂ, ಗಂಡು ಸಿಕ್ಕಾಕಿಲ್ಲ" ಎಂದು ಹೇಳಿ ತಾನೇ ನಕ್ಕಿದ್ದಳು. ಆ ನಗು ಚಿತ್ರದಲ್ಲಿ ಹಾಗೆಯೇ ಕೂತಿತ್ತು. ಆದರೆ ಯಾರಿಗೆ ಬೇಕಾಗಿತ್ತು ಅದು? ಮೂರು ದಿನ ಛತ್ರದ ಗೋಡೆಯ ಮೇಲೆ ನಕ್ಕರೂ ಯಾರೊಬ್ಬರೂ ಮನೆಗೆ ಕರೆಯಲಿಲ್ಲವಲ್ಲ!

ಮರುದಿನ ಬೆಳಿಗ್ಗೆ ಅವಳು ಕೋಣೆಯ ಬಾಗಿಲು ಹಾಕಿಕೊಂಡು ಬಿಳಿ ಬಣ್ಣ ಕಲಸಿದಳು. ಮೊದಲು ಹುರುಳಿಕಾಯಿ ಹೋಯಿತು, ಆಮೇಲೆ ಕೈಗಳು. ಮುಖವನ್ನು ಕೊನೆಗೆ ಉಳಿಸಿಕೊಂಡಿದ್ದಳು. ಅಲ್ಲಿಗೆ ಬಂದಾಗ ಕಣ್ಣು ಮುಚ್ಚಿಕೊಂಡು ಬಳಿದಳು. ಹನ್ನೆರಡು ದಿನಗಳಲ್ಲಿ ಬೆಣ್ಣೆಯ ಗಡಿಗೆ ಹಿಡಿದ ಬಾಲಕೃಷ್ಣ ಸಿದ್ಧನಾದ. ಶಾಂತಾಬಾಯಿ ಬಂದು ನೋಡಿ, ಮದುವೆಯಾಗಿ ಬಂದ ಮೇಲೆ ಮೊದಲ ಸಲ, "ಕೈ ಚೆನ್ನಾಗಿದೆ ಕಣೇ ನಿಂದು" ಎಂದರು.

ಗೃಹಪ್ರವೇಶಕ್ಕೆ ಇನ್ನೆರಡು ದಿನವಿತ್ತು. ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಹಳ್ಳಿಯವರಿಬ್ಬರು ನಿಂತಿದ್ದರು. ಗಂಡಸಿನ ಹೆಗಲಲ್ಲಿ ಟವೆಲು, ಹೆಂಗಸಿನ ಕೈಯಲ್ಲಿ ಹುರುಳಿಕಾಯಿ ತುಂಬಿದ ಚೀಲ.

"ಚಿತ್ರ ಬರಿಯೋ ಮೇಡಂ ಮನೆ ಇದೇನಾ?" ಎಂದ ಆತ. "ನಾನು ಮುನಿಶಾಮಿ, ತಳಿ ಕಡೆಯೋರು. ಇವ್ಳು ನಮ್ಮೆಂಗಸು, ಮುನಿರತ್ನಮ್ಮ."

ಶ್ರೀರಂಜನಿ ಒಳಗೆ ಕರೆದು ಕೂರಿಸಿದಳು. ಮುನಿರತ್ನಮ್ಮ ಚೀಲವನ್ನು ಕೆಳಗಿಟ್ಟು ಒಂದೇ ಉಸಿರಿಗೆ ಹೇಳತೊಡಗಿದಳು: "ನಮ್ಮ ಹುಡ್ಗ ಹರಿಕೃಷ್ಣ ಛತ್ರದಾಗೆ ನೋಡ್ಕೊಂಡು ಬಂದವ್ನೆ ಕಣಮ್ಮ. ಅಕ್ಕ ನಗ್ತಾ ಅವ್ಳೆ ಅಂದ. ನಮ್ಮ ಸುಧಾ... ಉಗಾದಿ ಮುಂದೆ ರಾಯಕೋಟೆ ರೋಡಾಗೆ ಲಾರಿ ಗುದ್ದಿ ಹೋಗ್ಬುಟ್ಲು. ಫೋಟೋ ಅವೆ, ಇಲ್ಲ ಅನ್ನಾಕಿಲ್ಲ. ಆದ್ರೆ ಫೋಟೋ ಅಂದ್ರೆ ಮುಖ ಬಿಗೀತಿದ್ಲು ಮುಂಡೇದು. ಒಂದ್ರಾಗೂ ನಗಲಿಲ್ಲ. ನೀವು ಬರ್ದಿರೋದ್ರಾಗೆ ಒಂದ್ರಾಗೇ ನಗ್ತಾ ಇರೋದು. ಅದನ್ನ ಕೊಂಡ್ಕಂಡು ಹೋಗಾಣ ಅಂತ ಬಂದ್ವಿ. ಎಷ್ಟಾದ್ರೂ ಆಗ್ಲಿ."

ಶ್ರೀರಂಜನಿಯ ಕಣ್ಣು ಬಾಲಕೃಷ್ಣನ ಕಡೆ ಹೋಯಿತು. ಎರಡು ವರ್ಷ ಕಾದ ಮಾತು, 'ಆ ಚಿತ್ರ ನಮಗೆ ಬೇಕು' ಎಂಬ ಆ ಒಂದು ಮಾತು, ಇವತ್ತು ಬರಬೇಕಿತ್ತೇ! ಹದಿನೈದು ದಿನ ಮೊದಲು ಬಂದಿದ್ದರೆ... ದೇವರೇ!

"ಅದು... ಅದು ಇಲ್ಲಮ್ಮ," ಎಂದಳು.

"ಮಾರ್ಬುಟ್ರಾ? ಯಾರ್ಗೆ? ಅವ್ರ ಕಾಲ್ಗಾದ್ರೂ ಬಿದ್ದು ಕೇಳ್ತೀವಿ."

"ಮಾರಲಿಲ್ಲ. ಯಾರೂ ತಗೊಳ್ಳಲಿಲ್ಲ ಅಂತ... ಅದರ ಮೇಲೇ ಬೇರೆ ಚಿತ್ರ ಬರೆದೆ." ಗೋಡೆಗೆ ಒರಗಿಸಿದ್ದ ಕೃಷ್ಣನನ್ನು ತೋರಿಸಿ ಅವಳು ಗಳಗಳನೆ ಅತ್ತುಬಿಟ್ಟಳು.

ಮುನಿರತ್ನಮ್ಮ ಅಳಲಿಲ್ಲ. ಎದ್ದು ಹೋಗಿ ಚಿತ್ರದ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಇದ್ರೊಳಗವ್ಳಾ?" ಎಂದಳು. "ಕೆರೆದ್ರೆ ಬತ್ತಾಳಾ?"

"ಇಲ್ಲಮ್ಮ. ಕೆರೆದರೆ ಎರಡೂ ಹೋಗುತ್ತೆ."

ಫೋನಿನಲ್ಲಿ ಹಾಕುವುದನ್ನು ಬಿಟ್ಟ ಮೇಲೆ ಬರೆದ ಚಿತ್ರ ಅದು; ಛತ್ರದಲ್ಲಿ ತೆಗೆದ ಒಂದೇ ಒಂದು ಫೋಟೋ ಇತ್ತು. ಶ್ರೀರಂಜನಿ ಅದನ್ನು ತೆರೆದು ತೋರಿಸಿದಳು. ಛತ್ರದ ಟ್ಯೂಬ್‌ಲೈಟಿನ ಹೊಳಪು ಸರಿಯಾಗಿ ಮುಖದ ಮೇಲೆಯೇ ಬಿದ್ದು, ಹುಡುಗಿಯ ತಲೆಯಿದ್ದ ಕಡೆ ಬೆಳಕಿನ ಗೆರೆಯೊಂದೇ ಕಾಣುತ್ತಿತ್ತು. "ಇನ್ನೊಂದು ಬರ್ಕೊಡ್ತೀನಮ್ಮ, ದುಡ್ಡು ಬೇಡ," ಎಂದು ಅಲ್ಲೇ ಕಾಗದ ತೆಗೆದು, ಅವರು ತಂದಿದ್ದ ಫೋಟೋ ಎದುರಿಟ್ಟುಕೊಂಡು ಪೆನ್ಸಿಲು ಓಡಿಸಿದಳು. ಒಂದು, ಎರಡು, ಮೂರು ಹಾಳೆ... ಮುನಿರತ್ನಮ್ಮ ಪ್ರತಿಯೊಂದನ್ನೂ ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದಳು.

"ಚೆನ್ನಾಗವ್ಳೆ ಕಣಮ್ಮ ಹುಡ್ಗಿ," ಎಂದಳು ಮೆಲ್ಲಗೆ. "ನಮ್ಮ ಸುಧಾ ಅಲ್ಲ."

ಮುನಿಶಾಮಿ ಹೆಗಲ ಟವೆಲಿನಿಂದ ಮುಖ ಮುಚ್ಚಿಕೊಂಡ. "ಏಳು, ಬಸ್ಸು ಹೋಗ್ಬುಡ್ತೈತೆ," ಎಂದ. "ಆ ಯಮ್ಮನಾದ್ರೂ ಏನ್ ಮಾಡ್ತದೆ? ಅವ್ರ ಹೊಟ್ಟೆಪಾಡು ಅವ್ರಿಗೆ."

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶಾಂತಾಬಾಯಿ ಹೊರಗೆ ಬಂದರು.

"ಅಳಿಸು ಅಂದದ್ದು ನಾನು ಕಣಮ್ಮಾ! ನನ್ನ ಸೊಸೆಯಲ್ಲ. ಅವಳು ಆವತ್ತು ಊಟಾನೇ ಮಾಡ್ಲಿಲ್ಲ... ಶಾಪ ಹಾಕೋದಿದ್ರೆ ನನಗೆ ಹಾಕು."

"ಶಾಪ ಯಾತಕ್ಕೆ ಹಾಕ್ಲಿ ಅವ್ವಾ," ಎಂದಳು ಮುನಿರತ್ನಮ್ಮ. ಕೃಷ್ಣನ ಕಡೆಯಿಂದ ಅವಳು ಕಣ್ಣು ತೆಗೆದಿರಲಿಲ್ಲ. "ಈ ಪಟಾನೇ ಕೊಟ್ಬುಡಿ. ಹಿಂದುಗಡೆ ಅವ್ಳೆ ಅಂತ ನನಗಾದ್ರೂ ಗೊತ್ತಿರ್ತದಲ್ಲ."

ಮಾತು ಕೇಳಿ ಒಳಗಿನಿಂದ ಬಂದ ಮುರಳಿ ಗಾಬರಿಯಾದ. "ಅಮ್ಮಾ, ನಾಡಿದ್ದೇ ಗೃಹಪ್ರವೇಶ! ಅರುಣ್‌ಕುಮಾರ್‌ಗೆ ಏನು ಹೇಳ್ಲಿ? ಇವಳಿಗೆ ಬಂದಿರೋದೇ ಇದೊಂದು ಆರ್ಡರ್!"

ಶ್ರೀರಂಜನಿ ಗಂಡನ ಮುಖ ನೋಡಲಿಲ್ಲ. ಹಳೆಯ ಸೀರೆಯೊಂದನ್ನು ತಂದು ಚಿತ್ರಕ್ಕೆ ಸುತ್ತಿದಳು. ಶಾಂತಾಬಾಯಿ ತಾವೇ ಬಂದು ದಾರ ಕಟ್ಟಿದರು. ಹಣ ಕೊಡಲು ಬಂದ ಮುನಿಶಾಮಿಯ ಕೈಯನ್ನು ಅತ್ತೆ ಸೊಸೆ ಇಬ್ಬರೂ ಹಿಂದಕ್ಕೆ ತಳ್ಳಿದರು.

ಅರುಣ್‌ಕುಮಾರ್ ಕೋಪಿಸಿಕೊಂಡ. ಮಾತು ಕೊಟ್ಟು ತಪ್ಪಿದರೆಂದು ಕಂಪನಿಯಲ್ಲೆಲ್ಲ ಹೇಳಿದ. ಬರಬಹುದಾಗಿದ್ದ ಹತ್ತು ಆರ್ಡರುಗಳಲ್ಲಿ ಒಂದೂ ಬರಲಿಲ್ಲ. ವಂಶಿಯ ಮದುವೆಗೆ ಮುಂಚೆ ಶ್ರೀರಂಜನಿ ತಾನಾಗಿಯೇ ಮುಂದಿನ ಕೋಣೆ ಖಾಲಿ ಮಾಡಿದಳು. "ಇರಲಿ ಬಿಡೇ, ಏನಾದ್ರೂ ದಾರಿ ನೋಡೋಣ" ಎಂದು ಶಾಂತಾಬಾಯಿ ಎರಡು ಸಲ ಹೇಳಿದರೂ ಅವಳು ಕೇಳಲಿಲ್ಲ. ಜೂನ್ ತಿಂಗಳಲ್ಲಿ ಹಳೆಯ ಶಾಲೆಗೇ ಹೋಗಿ ಸೇರಿಕೊಂಡಳು. ದೊಡ್ಡ ಚಿತ್ರವನ್ನು ಮತ್ತೆ ಬರೆಯಲಿಲ್ಲ.

ಭಾನುವಾರಗಳಲ್ಲಿ ಮಾತ್ರ ತಳಿಯ ಬಸ್ಸು ಹತ್ತುತ್ತಾಳೆ. ಸಂತೆಯಲ್ಲಿ ಕೂತು ಸಣ್ಣ ಹಾಳೆಯ ಮೇಲೆ ಎದುರಿಗಿದ್ದವರ ಮುಖ ಬರೆಯುತ್ತಾಳೆ. ಬರೆದು ಮುಗಿದೊಡನೆ ಅವರ ಕೈಗೇ ಕೊಟ್ಟುಬಿಡುತ್ತಾಳೆ. ಮೊನ್ನೆ ಸೊಪ್ಪು ಮಾರುವ ಮುದುಕಿಯೊಬ್ಬಳು ತನ್ನ ಮುಖ ನೋಡಿಕೊಂಡು ನಾಚಿ, ಸೆರಗಿನ ಗಂಟು ಬಿಚ್ಚಲು ಹೋದಳು.

"ಎಷ್ಟು ಕೊಡ್ಲಮ್ಮ?"

"ಏನೂ ಬೇಡ ಅಜ್ಜಿ," ಎಂದಳು ಶ್ರೀರಂಜನಿ. "ಮನೆಗೆ ತಗೊಂಡು ಹೋಗಿ. ಇವತ್ತೇ ತಗೊಂಡು ಹೋಗಿ."