ಕದ್ದರೂ ತೆರೆಯದ ಲ್ಯಾಪ್‌ಟಾಪ್

"ಲ್ಯಾಪ್‌ಟಾಪ್ ಕೊಡಿ."

"ಕೊಡಲ್ಲ ಅಂದ್ರೆ?"

ಅವಳು ಚಾಚಿದ ಕೈ ಹಿಂತೆಗೆಯಲಿಲ್ಲ. ಕೃತಕ ಕಾಲು ತಯಾರಿಸುವ ಆ ಕಂಪನಿಗೆ ಮಾಹಿತಿ ಸುರಕ್ಷತೆ ನೋಡಿಕೊಳ್ಳಲು ಸೇರಿ ಎರಡೇ ದಿನವಾಗಿತ್ತು. ಎದುರಿಗಿದ್ದವನು ವಿನ್ಯಾಸಕಾರ, ಮಾಲಕಿಯ ತಮ್ಮ. ಹೊಸ ಮೊಣಕಾಲಿನ ನಕ್ಷೆಗೆ ನಾಲ್ಕು ವರ್ಷ ಬೆವರು ಸುರಿಸಿದವನು... ಅದನ್ನೇ ಬೀಗವಿಲ್ಲದ ಮೇಲ್‌ನಲ್ಲಿ ಕಂಡಕಂಡವರಿಗೆ ಕಳಿಸುತ್ತಿದ್ದವನು!

"ನಿಮ್ಮ ಮೇಲ್ ಪೋಸ್ಟ್‌ಕಾರ್ಡ್ ಇದ್ದ ಹಾಗೆ, ದಾರೀಲಿ ಯಾರು ಬೇಕಾದ್ರೂ ಓದಬಹುದು. ಇನ್ಮೇಲೆ ಎಲ್ಲಾ ಎನ್‌ಕ್ರಿಪ್ಟ್ ಆಗಿಯೇ, ಅಂದ್ರೆ ಪಾಸ್‌ವರ್ಡ್ ಇಲ್ಲದವರಿಗೆ ಓದೋಕಾಗದ ಗುಟ್ಟಿನ ಲಿಪಿಯಲ್ಲೇ ಹೋಗಬೇಕು. ಲ್ಯಾಪ್‌ಟಾಪ್‌ನಲ್ಲಿರೋದೂ ಅಷ್ಟೇ."

"ಅಂದ್ರೆ... ನಾನು ಕಳ್ಳ ಅಂತಾನಾ?"

ಅವನ ಕಣ್ಣಲ್ಲಿ ಕೋಪಕ್ಕಿಂತ ನೋವೇ ಹೆಚ್ಚಿತ್ತು. ಲ್ಯಾಪ್‌ಟಾಪ್ ಮೇಜಿನ ಮೇಲಿಟ್ಟು ಹೊರಟುಹೋದ.

ಅಂದಿನಿಂದ ಮಾತು ಬಂದ್. ಊಟಕ್ಕೆ ಅವಳು ಕೂತರೆ ಅವನು ಏಳುತ್ತಿದ್ದ.

ಒಂದು ದಿನ ಅವನು ಮಂಡಿಯೂರಿ ಮುದುಕಿಯೊಬ್ಬಳಿಗೆ ಕಾಲು ಜೋಡಿಸುತ್ತಿದ್ದುದನ್ನು ಅವಳು ಗಾಜಿನಾಚೆಯಿಂದ ಕಂಡಳು. ಆಕೆ ಮೊದಲ ಹೆಜ್ಜೆ ಇಟ್ಟಾಗ ಅವನು ತೋಳಿನಲ್ಲಿ ಕಣ್ಣೊರೆಸಿಕೊಂಡ. ಅವಳ ಎದೆ ತುಂಬಿ ಬಂತು. 'ಇವನು ಬೈದರೂ ಸರಿ... ಇವನ ಕೆಲಸಕ್ಕೆ ಎಳ್ಳಷ್ಟೂ ಧಕ್ಕೆಯಾಗಬಾರದು!'

ಮೂರು ತಿಂಗಳ ಮೇಲೆ, ಪ್ರದರ್ಶನಕ್ಕೆಂದು ಬೆಳಗ್ಗೆ ಹೊರಟವನು ರೈಲ್ವೆ ನಿಲ್ದಾಣದಿಂದಲೇ ಮರಳಿದ. ನೇರ ಅವಳ ಮೇಜಿಗೆ ಬಂದ.

"ಲ್ಯಾಪ್‌ಟಾಪ್ ಇದ್ದ ಬ್ಯಾಗ್ ಕದ್ದುಬಿಟ್ರು... ನಕ್ಷೆ ಎಲ್ಲಾ ಅದರಲ್ಲೇ ಇತ್ತು. ಪೇಟೆಂಟ್‌ಗೂ ಇನ್ನೂ ಅರ್ಜಿ ಹಾಕಿಲ್ಲ!"

"ಕೂತ್ಕೊಳ್ಳಿ. ಲ್ಯಾಪ್‌ಟಾಪ್ ಆಫ್ ಆಗಿತ್ತಾ?"

"ಹೂಂ."

"ಪಾಸ್‌ವರ್ಡ್ ಚೀಟೀಲಿ ಬರೆದು ಅಂಟಿಸಿರಲಿಲ್ಲ ತಾನೇ?"

"ಎಲ್ಲಿಯ ಮಾತು! ನಿಮ್ಮ ಭಯಕ್ಕೆ..."

ಅವಳಿಗೆ ನಗು ತಡೆಯಲಾಗಲಿಲ್ಲ. "ಹಾಗಾದ್ರೆ ಕಳ್ಳನಿಗೆ ಸಿಕ್ಕಿದ್ದು ಬರೀ ಡಬ್ಬ. ತಿಪ್ಪರಲಾಗ ಹಾಕಿದ್ರೂ ಒಳಗಿನದು ಓದೋಕಾಗಲ್ಲ. ನಿನ್ನೆ ಸಂಜೆಯವರೆಗಿನ ಪ್ರತಿ ನನ್ನ ಹತ್ರ ಇದೆ."

ಮಧ್ಯಾಹ್ನದೊಳಗೆ ಹೊಸ ಲ್ಯಾಪ್‌ಟಾಪ್‌ನ ಪರದೆಯಲ್ಲಿ ಮೊಣಕಾಲು ಸಲೀಸಾಗಿ ಮಡಚಿ ಬಿಚ್ಚಿಕೊಂಡಿತು. ಅವನು ಅಕ್ಕನನ್ನೂ, ವರ್ಕ್‌ಶಾಪಿನವರನ್ನೂ ಕರೆದು ನಿಲ್ಲಿಸಿದ.

"ನಮ್ಮ ನಾಲ್ಕು ವರ್ಷ ಉಳಿಸಿದ್ದು ಇವರು. ನನ್ನ ಮೇಲೆ ಅನುಮಾನ ಅಂದ್ಕೊಂಡು ಮುಖ ತಿರುಗಿಸಿದೆ. ತಪ್ಪು ನಂದು."

ಚಪ್ಪಾಳೆ! ಯಾರ ಕಣ್ಣಿಗೂ ಬೀಳದ ತನ್ನ ಕೆಲಸವನ್ನು ಮೊದಲ ಬಾರಿ ಎಲ್ಲರೂ ಕಂಡಿದ್ದರು. ಅವಳು ತಲೆಯೆತ್ತಿ ನಿಂತಳು.

ಎಲ್ಲರೂ ಚದುರಿದರೂ ಅವನು ಕದಲಲಿಲ್ಲ.

"ಮುಖ ತಿರುಗಿಸಿದ್ರೂ ಕಣ್ಣು ನಿಮ್ಮ ಮೇಲೇ ಇತ್ತು. ನೀವಂದ್ರೆ ನಂಗಿಷ್ಟ... ಅಕ್ಕನ ಎದುರಿಗೇ ಹೇಳ್ತೀನಿ, ಬೇಕಾದ್ರೆ."

"ನಮ್ಮಮ್ಮನ ಎದುರಿಗೆ ಹೇಳ್ತೀರಾ?"

"ಇಷ್ಟ ಅಂತಾನಾ?"

"ಮೊದಲು ನಾನು ಏನು ಕೆಲಸ ಮಾಡ್ತೀನಿ ಅಂತ. ಅವರಿಗೆ ಇವತ್ತಿಗೂ ಅರ್ಥ ಆಗಿಲ್ಲ." ಅವಳು ಬ್ಯಾಗ್ ಹೆಗಲಿಗೇರಿಸಿದಳು. "ಆಮೇಲೆ... ಇನ್ನೊಂದು."

"ಬಾ, ಈಗಲೇ ಹೋಗೋಣ."

'ಬನ್ನಿ' ಎಂದಿರಲಿಲ್ಲ ಅವನು. ಅವಳು ತಿದ್ದಲೂ ಇಲ್ಲ.